ಶಿವರಾತ್ರಿ ಜಾಗರಣೆಗೆ ಟೆಲಿಸ್ಕೋಪ್ ಯಾಕೆ?

ಹೋದ ಸಂಚಿಕೆಯಲ್ಲಿ ನಮ್ಮ ಗುಂಪಿನ ಶಿವರಾತ್ರಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. 2026ರ ಫೆಬ್ರವರಿ 15ರ ರಾತ್ರಿ, ಮಧುಗಿರಿ ದಾಟಿ ಸ್ವಲ್ಪ ಒಳಗೆ ಪರಿಚಯದವರ ಒಂದು ತೋಟ. ನಾವು 14 ಜನ. ಎರಡು ಟೆಲಿಸ್ಕೋಪು, ಮೂರು ಬೈನಾಕ್ಯುಲರು, ಒಂದು ಚೀಲ ಮಂಡಕ್ಕಿ, ಉಪವಾಸ ಇದ್ದವರಿಗೆ ಬಾಳೆಹಣ್ಣು. ಬೆಳಗಿನ ತನಕ ನಕ್ಷತ್ರ ನೋಡುತ್ತಾ ಕೂತಿದ್ದೆವು, ಅಷ್ಟೇ. ಇಷ್ಟಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ಬೈದಿದ್ದಾರೆ, ಜಾಸ್ತಿ ಜನ ಟೆಲಿಸ್ಕೋಪಿನ ಬೆಲೆ ಕೇಳಿದ್ದಾರೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಶಿವರಾತ್ರಿ ದಿನ ದೇವಸ್ಥಾನ ಬಿಟ್ಟು ಬಯಲಲ್ಲಿ ಕೂತು ಚುಕ್ಕಿ ಎಣಿಸುವುದು ಯಾವ ಜಾಗರಣೆ? ಬೇರೆ ದಿನ ಸಿಗಲಿಲ್ಲವೇ?
*ನಿವೃತ್ತ ಮೇಷ್ಟ್ರು, ಹೊಸದುರ್ಗ*

ಮೇಷ್ಟ್ರೇ, ಇದಕ್ಕಿಂತ ಒಳ್ಳೆಯ ದಿನ ನಿಜಕ್ಕೂ ಸಿಗಲಿಲ್ಲ. ಶಿವರಾತ್ರಿ ಬರುವುದು ಮಾಘ ಬಹುಳ ಚತುರ್ದಶಿಗೆ, ಅಂದರೆ ಅಮಾವಾಸ್ಯೆಯ ಹಿಂದಿನ ರಾತ್ರಿ. ಚಂದ್ರ ಎಳೆಯಷ್ಟಾಗಿ ಬೆಳಗಿನ ಜಾವ ಸೂರ್ಯನಿಗಿಂತ ಸ್ವಲ್ಪ ಮುಂಚೆ ಮುಖ ತೋರಿಸುತ್ತಾನೆ, ಅಲ್ಲಿಯ ತನಕ ಆಕಾಶ ಪೂರ್ತಿ ನಮ್ಮದೇ. ಮಳೆ ಮೋಡ ಇಲ್ಲ, ಬೇಸಿಗೆಯ ಧೂಳು ಇನ್ನೂ ಎದ್ದಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರಲ್ಲ, ಮಧುಗಿರಿಯ ಚಳಿಗೆ ಈ ಸುದ್ದಿ ಇನ್ನೂ ಯಾರೂ ಮುಟ್ಟಿಸಿರಲಿಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಕಂಬಳಿಗೆ ಜಗಳ ಆಯಿತು. ಅದೊಂದು ಬಿಟ್ಟರೆ ಯಾವ ದೂರೂ ಇಲ್ಲ.

ಇನ್ನು ದೇವರ ವಿಷಯ. ಬೇಡನೊಬ್ಬ ಬಿಲ್ವದ ಮರ ಹತ್ತಿ ಜಿಂಕೆಗಾಗಿ ಕಾಯುತ್ತಾ, ಗೊತ್ತಿಲ್ಲದೆ ರಾತ್ರಿಯಿಡೀ ಎಲೆ ಉದುರಿಸಿದ ಕಥೆ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ಕಥೆಯ ಒಂದು ರೂಪದಲ್ಲಿ ಕೊನೆಗೆ ಜಿಂಕೆ ಮತ್ತು ಬೇಡ ಇಬ್ಬರೂ ಆಕಾಶ ಸೇರುತ್ತಾರೆ. ಜಿಂಕೆ ಮೃಗಶಿರ ಆಗುತ್ತದೆ, ಬೇಡ ಲುಬ್ಧಕ ಆಗುತ್ತಾನೆ. ಲುಬ್ಧಕ ಅಂದರೆ ಬೇಡ ಅಂತಲೇ ಅರ್ಥ. ರಾತ್ರಿ ಎಂಟಕ್ಕೆ ನಾವು ಚಾಪೆ ಹಾಸಿದಾಗ ಇವರಿಬ್ಬರೂ ನೆತ್ತಿಯ ಹತ್ತಿರವೇ ಇದ್ದರು. ಜಿಂಕೆಗೆ ನೆಟ್ಟ ಬಾಣದ ಹಾಗೆ ಮೂರು ಚುಕ್ಕಿ ಸಾಲಾಗಿ ಕಾಣುತ್ತವೆ. ಆ ಸಾಲನ್ನು ಹಾಗೇ ಕೆಳಕ್ಕೆ ಎಳೆದರೆ ಸಿಗುವ ಅತ್ಯಂತ ಹೊಳೆಯುವ ನಕ್ಷತ್ರವೇ ಲುಬ್ಧಕ. ಇನ್ನೂ ಕೆಳಗೆ ದಕ್ಷಿಣಕ್ಕೆ ಬಂದರೆ ಅಗಸ್ತ್ಯ. ಇಷ್ಟೆಲ್ಲ ಕಣ್ಣೆದುರಿಗೇ ಇರುವಾಗ ನಾನು ಒಳಗೆ ಕೂರಲಾರೆ. ಅಂದಹಾಗೆ ನಮ್ಮಲ್ಲಿ ಮೂವರು ಸಂಜೆ ಅಭಿಷೇಕ ಮುಗಿಸಿಕೊಂಡೇ ಬಂದಿದ್ದರು.

ಮಗಳಿಗೆ 12 ವರ್ಷ, ಟೆಲಿಸ್ಕೋಪ್ ಬೇಕು ಅಂತ ಹಟ. ಆನ್‌ಲೈನಲ್ಲಿ ‘450 ಪಟ್ಟು ದೊಡ್ಡದಾಗಿ ತೋರಿಸುತ್ತೆ’ ಅಂತ ಒಂದಿದೆ. ತೆಗೆದುಕೊಳ್ಳಲಾ?
*ಅಂಗಡಿ ಮಾಲೀಕರು, ಚನ್ನಗಿರಿ*

ಬೇಡಿ ಸಾರ್, ದಯವಿಟ್ಟು ಬೇಡಿ. ಇದೇ ಪ್ರಶ್ನೆ ಕೇಳಿ ಇನ್ನೂ ಹನ್ನೊಂದು ಪತ್ರ ಬಂದಿವೆ, ಎಲ್ಲರಿಗೂ ಸೇರಿಸಿ ಹೇಳುತ್ತೇನೆ. ಪಟ್ಟು ಅನ್ನುವ ಲೆಕ್ಕ ಬರೀ ಮೋಸ. ಟೆಲಿಸ್ಕೋಪಿನ ಕೆಲಸ ದೊಡ್ಡದು ಮಾಡಿ ತೋರಿಸುವುದಕ್ಕಿಂತ ಮೊದಲು ಬೆಳಕು ಕೂಡಿಸುವುದು. ಮಳೆ ನೀರು ಹಿಡಿಯೋಕೆ ಲೋಟ ಇಡುತ್ತೀರಾ, ಬಕೆಟ್ ಇಡುತ್ತೀರಾ? ಮುಂದಿನ ಗಾಜು ಅಥವಾ ಕನ್ನಡಿ ಎಷ್ಟು ಅಗಲ ಅನ್ನುವುದೇ ಮುಖ್ಯ. ಅಂದಾಜಿಗೆ, ಒಂದು ಮಿಲಿಮೀಟರ್ ಅಗಲಕ್ಕೆ ಎರಡು ಪಟ್ಟಿನಂತೆ ಲೆಕ್ಕ ಹಾಕಿ. 60 ಮಿಲಿಮೀಟರಿನ ಟೆಲಿಸ್ಕೋಪಿಗೆ 120 ಪಟ್ಟು ದಾಟಿದರೆ ಕಾಣುವುದು ದೊಡ್ಡ ಮಸುಕು ಮಾತ್ರ. ಜೊತೆಗೆ ಕೊಡುವ ಆ ಬಡಕಲು ಟ್ರೈಪಾಡು ಉಸಿರು ಬಿಟ್ಟರೆ ಅಲುಗಾಡುತ್ತದೆ. ಮಗಳು ಮೂರು ರಾತ್ರಿ ಒದ್ದಾಡಿ, ನಾಲ್ಕನೆಯ ದಿನ ಅದನ್ನು ಅಟ್ಟಕ್ಕೆ ಹಾಕುತ್ತಾಳೆ. ನಾನೂ ಹಾಗೇ ಹಾಕಿದ್ದೆ. ಇನ್ನೂ ಅಲ್ಲೇ ಇದೆ, ಹಲ್ಲಿ ಮೊಟ್ಟೆ ಇಟ್ಟಿದೆ.

ಮೊದಲು ಒಂದು ಬೈನಾಕ್ಯುಲರ್ ಕೊಡಿಸಿ. 10×50 ಅಂತ ಕೇಳಿ. ಹತ್ತು ಪಟ್ಟು, 50 ಮಿಲಿಮೀಟರ್ ಗಾಜು. ಹತ್ತು ಸಾವಿರದೊಳಗೆ ಸಿಗುತ್ತದೆ. ಚಂದ್ರನ ಕುಳಿಗಳು, ಕೃತ್ತಿಕೆಯ ಗುಂಪು, ಕೈ ಅಲುಗಾಡದ ಹಾಗೆ ಗೋಡೆಗೆ ಒರಗಿ ಹಿಡಿದರೆ ಗುರು ಗ್ರಹದ ಪಕ್ಕದ ಚಂದ್ರರೂ ಕಾಣುತ್ತವೆ. ಗೆಲಿಲಿಯೋ 1610ರ ಜನವರಿಯಲ್ಲಿ ನೋಡಿದ ಅದೇ ನಾಲ್ಕು. ಕೃತ್ತಿಕೆಯನ್ನಂತೂ ಟೆಲಿಸ್ಕೋಪಿಗಿಂತ ಬೈನಾಕ್ಯುಲರಲ್ಲಿ ನೋಡಿದರೇ ಚೆನ್ನ, ಇಡೀ ಗುಂಪು ಒಂದೇ ನೋಟಕ್ಕೆ ಸಿಗುತ್ತದೆ.

ಒಂದು ವರ್ಷ ಆದಮೇಲೂ ಹಟ ಹಾಗೇ ಇದ್ದರೆ ಆಗ 6 ಇಂಚಿನ ಡಾಬ್ಸೋನಿಯನ್ ತೆಗೆದುಕೊಳ್ಳಿ. ಮೋಟಾರಿಲ್ಲ, ಕಂಪ್ಯೂಟರಿಲ್ಲ. ಒಂದು ಉದ್ದ ಕೊಳವೆ, ಅದನ್ನು ಕೂರಿಸಿದ ಮರದ ಪೆಟ್ಟಿಗೆ, ಕೈಯಲ್ಲಿ ತಳ್ಳಿದ ಕಡೆಗೆ ತಿರುಗುತ್ತದೆ. ಅಮೆರಿಕದ ಜಾನ್ ಡಾಬ್ಸನ್ ಅನ್ನುವ ಪುಣ್ಯಾತ್ಮ ಇದನ್ನು ಜನಪ್ರಿಯ ಮಾಡಿದ್ದು. ಆತ ರಾಮಕೃಷ್ಣ ಪಂಥದ ಮಠದಲ್ಲಿ ಸನ್ಯಾಸಿಯಾಗಿದ್ದವನು, ಅಲ್ಲಿಂದ ಹೊರಬಿದ್ದಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಬೀದಿ ಬದಿಯಲ್ಲಿ ಟೆಲಿಸ್ಕೋಪ್ ಇಟ್ಟು, ಹೋಗಿಬರುವವರನ್ನೆಲ್ಲ ಕರೆದು ಚಂದ್ರನನ್ನು ತೋರಿಸುತ್ತಿದ್ದ. ನಮ್ಮ ಎರಡೂ ಟೆಲಿಸ್ಕೋಪು ಇದೇ ಜಾತಿಯವು.

ಒಂದು ಮಾತು ಮಾತ್ರ ಮಗಳಿಗೆ ಗದರಿಸಿಯೇ ಹೇಳಿ. ಬೈನಾಕ್ಯುಲರ್ ಆಗಲಿ ಟೆಲಿಸ್ಕೋಪ್ ಆಗಲಿ, ಸೂರ್ಯನ ಕಡೆ ತಿರುಗಿಸಬಾರದು. ಒಂದು ಕ್ಷಣ ಸಾಕು, ಕಣ್ಣು ಹೋಗುತ್ತದೆ.

ನಮ್ಮ ಮದುವೆ ಆಗಿದ್ದು ಹಗಲು ಹನ್ನೆರಡಕ್ಕೆ. ಪುರೋಹಿತರು ಛತ್ರದ ಹೊರಗೆ ಕರೆದುಕೊಂಡು ಹೋಗಿ ಅರುಂಧತಿ ನೋಡಿ ಅಂದರು. ನಾನು ‘ಕಂಡಿತು’ ಅಂದೆ, ನಮ್ಮ ಯಜಮಾನರೂ ‘ಕಂಡಿತು’ ಅಂದರು. 19 ವರ್ಷ ಆಯಿತು. ಅದು ಇರುವುದಾದರೂ ಎಲ್ಲಿ?
*ಗೃಹಿಣಿ, ಹಾವೇರಿ*

ಅಕ್ಕಾ, ಆ ಸುಳ್ಳು ನಾನೂ ಹೇಳಿದ್ದೇನೆ. ಮೋಡ ಬೇರೆ ಇತ್ತು!

ಈಗ ನಿಜವಾಗಿ ನೋಡಿಬಿಡಿ. ಏಪ್ರಿಲ್ ತಿಂಗಳಲ್ಲಿ ರಾತ್ರಿ ಒಂಬತ್ತೂವರೆ ಹೊತ್ತಿಗೆ ಮಾಳಿಗೆ ಹತ್ತಿ ಉತ್ತರಕ್ಕೆ ಮುಖ ಮಾಡಿ ನಿಂತುಕೊಳ್ಳಿ. ಏಳು ನಕ್ಷತ್ರದ ಒಂದು ದೊಡ್ಡ ಸೌಟು ಕಾಣುತ್ತದೆ. ಅದೇ ಸಪ್ತರ್ಷಿ ಮಂಡಲ. ಸೌಟಿನ ಹಿಡಿಯ ತುದಿಯಲ್ಲಿ ಇರುವವನು ಮರೀಚಿ. ತುದಿಯಿಂದ ಎರಡನೆಯವನು ವಸಿಷ್ಠ. ವಸಿಷ್ಠನನ್ನೇ ಸುಮ್ನೆ ಸ್ವಲ್ಪ ಹೊತ್ತು ನೋಡುತ್ತಾ ಇರಿ, ಅವನಿಗೆ ಅಂಟಿಕೊಂಡ ಹಾಗೆ ಒಂದು ಚಿಕ್ಕ ಮಿಣುಕು ಸಿಗುತ್ತದೆ. ಅವಳೇ ಅರುಂಧತಿ. ಕಣ್ಣು ಚೆನ್ನಾಗಿದ್ದರೆ ಬರಿಗಣ್ಣಿಗೇ ಸಾಕು, ಕನ್ನಡಕ ಇದ್ದರೆ ಹಾಕಿಕೊಂಡು ಹೋಗಿ. ಟೆಲಿಸ್ಕೋಪಲ್ಲಿ ನೋಡಿದರೆ ಇನ್ನೊಂದು ತಮಾಷೆ ಇದೆ. ವಸಿಷ್ಠ ಅಂದುಕೊಂಡಿದ್ದ ಆ ಒಂದು ಚುಕ್ಕಿಯೇ ಎರಡಾಗಿ ಒಡೆಯುತ್ತದೆ. ಅಲ್ಲಿಂದ ಬೆಳಕು ನಮ್ಮ ತನಕ ಬರೋಕೆ 80 ವರ್ಷದ ಆಸುಪಾಸು ಬೇಕು. ಈಗ ನಿಮ್ಮ ಕಣ್ಣಿಗೆ ಬೀಳುವುದು ದೇಶಕ್ಕೆ ಸ್ವಾತಂತ್ರ್ಯ ಬರುವ ಮುಂಚೆ ಅಲ್ಲಿಂದ ಹೊರಟದ್ದು.

ಮದುವೆಯಲ್ಲಿ ಅರುಂಧತಿ ತೋರಿಸುವ ಕ್ರಮದಲ್ಲಿ ಒಂದು ಜಾಣತನ ಇದೆ, ಅದನ್ನು ಹೇಳದೆ ಬಿಡಲಾರೆ. ಶಾಸ್ತ್ರದವರು ಇದನ್ನು ಅರುಂಧತೀ ನ್ಯಾಯ ಅನ್ನುತ್ತಾರೆ. ಸಣ್ಣ ನಕ್ಷತ್ರವನ್ನು ನೇರವಾಗಿ ತೋರಿಸಿದರೆ ಯಾರಿಗೂ ಸಿಗುವುದಿಲ್ಲ. ಅದಕ್ಕೆ ಮೊದಲು ಪಕ್ಕದ ದೊಡ್ಡ ನಕ್ಷತ್ರ ತೋರಿಸಿ ‘ಇದೇ’ ಅನ್ನುವುದು, ಕಣ್ಣು ಅಲ್ಲಿ ನಿಂತಮೇಲೆ ‘ಅದಲ್ಲ, ಅದರ ಪಕ್ಕದ್ದು’ ಅನ್ನುವುದು. ನಾವು ರಾತ್ರಿಯಿಡೀ ಮಾಡುವುದು ಇದೇ ಕೆಲಸ. ಆವತ್ತು ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಒಮೆಗಾ ಸೆಂಟಾರಿ ಅನ್ನುವ ನಕ್ಷತ್ರಗುಚ್ಛ ಹುಡುಕಬೇಕಿತ್ತು. ಹೊಸದಾಗಿ ಬಂದಿದ್ದ ಹುಡುಗಿಗೆ ಗುಂಪಿನ ಹಿರಿಯರು ಹೇಳಿದ್ದು ಇಷ್ಟು: ‘ಮೊದಲು ಚಿತ್ತಾ ನಕ್ಷತ್ರ ಹಿಡಿ. ಕೈ ಪೂರ್ತಿ ಚಾಚಿ ಮುಷ್ಟಿ ಕಟ್ಟು. ಚಿತ್ತಾದಿಂದ ನೇರ ಕೆಳಗೆ ಮೂರೂವರೆ ಮುಷ್ಟಿ ಇಳಿ.’ ಇಳಿದಳು. ಬರಿಗಣ್ಣಿಗೆ ಒರೆಸಿದ ಹಾಗೆ ಒಂದು ಚುಕ್ಕಿ. ಟೆಲಿಸ್ಕೋಪಿಗೆ ಕಣ್ಣಿಟ್ಟವಳು ‘ಅಯ್ಯೋ, ರವೆ ಚೆಲ್ಲಿದ ಹಾಗಿದೆ’ ಅಂದಳು. ಸುಮಾರು 17,000 ಜ್ಯೋತಿರ್ವರ್ಷ ದೂರ, ಅದರಲ್ಲಿ ಒಂದು ಕೋಟಿಯಷ್ಟು ನಕ್ಷತ್ರ. ಲಂಡನ್ನಿನವರಿಗೆ ಇದು ಊರು ಬಿಟ್ಟು ದಕ್ಷಿಣಕ್ಕೆ ಬರದೆ ಕಾಣುವುದೇ ಇಲ್ಲ, ನಮಗೆ ಚಾಪೆ ಮೇಲೆ ಮಲಗಿದರೆ ಸಾಕು.

ಮ್ಯಾಪ್ ಇದೆ, ಮೊಬೈಲಲ್ಲಿ ಆ್ಯಪ್ ಇದೆ, ಎಲ್ಲ ನಿಜ. ಆದರೆ ಭುಜದ ಪಕ್ಕ ನಿಂತು ಬೆರಳು ತೋರಿಸುವವರು ಒಬ್ಬರು ಇದ್ದರೆ ಹತ್ತು ನಿಮಿಷದಲ್ಲಿ ಆಗುವ ಕೆಲಸಕ್ಕೆ ಒಬ್ಬರೇ ಕೂತರೆ ಹತ್ತು ರಾತ್ರಿ ಬೇಕು. ನನಗೆ ಬೇಕಾಗಿತ್ತು.

ಟೆಲಿಸ್ಕೋಪಲ್ಲಿ ನೋಡಿದರೆ ಚಂದ್ರನ ಮೇಲೆ ನೆಟ್ಟ ಬಾವುಟ ಕಾಣುತ್ತಾ?
*ಆರನೇ ಕ್ಲಾಸ್, ಸಿಂಧನೂರು*

ಕಾಣಲ್ಲ ಪುಟ್ಟಾ. ನಮ್ಮಂಥವರ ಟೆಲಿಸ್ಕೋಪಲ್ಲಿ ಚಂದ್ರನ ಮೇಲಿನ ಒಂದು ಇಡೀ ಹಳ್ಳಿಯಷ್ಟು ಜಾಗ ಒಂದು ಚುಕ್ಕಿ. ಬೆಟ್ಟದ ನೆರಳು ಕಾಣುತ್ತೆ, ಅದು ಬಾವುಟಕ್ಕಿಂತ ಚೆನ್ನಾಗಿದೆ. ಹುಣ್ಣಿಮೆ ದಿನ ನೋಡಬೇಡ, ಅರ್ಧ ಚಂದ್ರ ಇದ್ದಾಗ ನೋಡು.

ಮೊಬೈಲ್ ತೆಗೆದ ಹುಡುಗನಿಗೆ ಎಲ್ಲರೂ ಸೇರಿ ಬೈದೆವು ಅಂತ ಬರೆದಿದ್ದೀರಿ. ಅಷ್ಟಕ್ಕೇ ಬೈಯುವುದಾ? ಏನು ಗುಂಪಪ್ಪಾ ನಿಮ್ಮದು!
*ಬ್ಯಾಂಕ್ ಉದ್ಯೋಗಿ, ಉಡುಪಿ*

ಹೌದು, ಬೈಯುತ್ತೇವೆ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಪಾಪೆ ಅಗಲ ಆಗುವುದು ಬೇಗ, ಕೆಲವೇ ಸೆಕೆಂಡು. ಆದರೆ ಕಣ್ಣಿನ ಒಳಪದರದಲ್ಲಿ ಮಬ್ಬು ಬೆಳಕನ್ನು ಹಿಡಿಯುವ ಒಂದು ಬಣ್ಣದ ವಸ್ತು ಇದೆ, ಅದು ಬೆಳಕಿಗೆ ಕರಗಿ ಕತ್ತಲಲ್ಲಿ ನಿಧಾನವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಅರ್ಧ ಗಂಟೆ ಕಾದು ತುಂಬಿಸಿಕೊಂಡದ್ದನ್ನು ಒಬ್ಬ ಒಂದು ವಾಟ್ಸಾಪ್ ಮೆಸೇಜಿಗೆ ಹದಿಮೂರು ಜನರಿಂದ ಕಿತ್ತುಕೊಂಡರೆ ಕೋಪ ಬರುವುದಿಲ್ಲವೇ? ಕೆಂಪು ಬೆಳಕಿಗೆ ಈ ವಸ್ತು ಅಷ್ಟಾಗಿ ಕರಗುವುದಿಲ್ಲ. ಅದಕ್ಕೇ ನಮ್ಮ ಟಾರ್ಚುಗಳಿಗೆಲ್ಲ ಕೆಂಪು ಬಣ್ಣದ ಹಾಳೆ ಸುತ್ತಿರುತ್ತೇವೆ.

ನ್ಯಾಯವಾಗಿ ಹೇಳಬೇಕೆಂದರೆ, ನಾನು ಮೊದಲ ಸಲ ಹೋದಾಗ ಮಾಡಿದ್ದು ಇದಕ್ಕಿಂತ ಕೆಟ್ಟದ್ದು. ತಡವಾಗಿ ಹೋಗಿ, ಕಾರಿನ ಹೆಡ್‌ಲೈಟ್ ಪೂರ್ತಿ ಉರಿಸಿಕೊಂಡು, ಸಾಲಾಗಿ ಕೂತಿದ್ದ ಎಲ್ಲರ ಮುಖಕ್ಕೆ ನೇರವಾಗಿ ಬೆಳಕು ಬಿಟ್ಟು ನಿಲ್ಲಿಸಿದ್ದೆ. ಆಮೇಲೆ ಇಳಿದು, ಕತ್ತಲು ಅಂತ ಟಾರ್ಚ್ ಬೇರೆ ಹಾಕಿದ್ದೆ. ಅಲ್ಲಿದ್ದ ಒಬ್ಬರು ಈಗಲೂ ನನ್ನನ್ನು ಹೆಡ್‌ಲೈಟ್ ಅಂತಲೇ ಕರೆಯುತ್ತಾರೆ.

ಇನ್‌ಸ್ಟಾಗ್ರಾಮಲ್ಲಿ ನೋಡಿದ ಗುಲಾಬಿ, ನೇರಳೆ ಬಣ್ಣದ ನೀಹಾರಿಕೆ ನಿಮ್ಮ ಟೆಲಿಸ್ಕೋಪಲ್ಲೂ ಹಾಗೇ ಕಾಣುತ್ತದಾ? ಒಮ್ಮೆ ಒಂದು ಶಿಬಿರಕ್ಕೆ ಹೋಗಿದ್ದೆ, ಬೂದಿ ಬಣ್ಣದ ಹೊಗೆ ಕಂಡಿತು, ಬೇಜಾರಾಯಿತು.
*ಪಿಯುಸಿ ವಿದ್ಯಾರ್ಥಿ, ಚಳ್ಳಕೆರೆ*

ಆ ಬೂದಿ ಹೊಗೆಯೇ ನಿಜವಪ್ಪ. ನೀಹಾರಿಕೆ ಅಂದರೆ ನಕ್ಷತ್ರಗಳ ನಡುವಿನ ಅನಿಲ, ಧೂಳಿನ ಮೋಡ. ಕ್ಯಾಮೆರಾ ಗಂಟೆಗಟ್ಟಲೆ ಬಾಯಿ ತೆರೆದು ಬೆಳಕು ಕುಡಿಯುತ್ತದೆ, ನಿನ್ನ ಕಣ್ಣಿಗೆ ಆ ಸೌಲಭ್ಯ ಇಲ್ಲ. ಮಬ್ಬು ಬೆಳಕಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ. ಆ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ಅದಕ್ಕೇ ಮಸುಕಾದದ್ದನ್ನು ನೇರ ನೋಡಿದರೆ ಮಾಯ, ಪಕ್ಕಕ್ಕೆ ಕಣ್ಣು ಹೊರಳಿಸಿದರೆ ಪ್ರತ್ಯಕ್ಷ. ‘ಓರೆಗಣ್ಣಲ್ಲಿ ನೋಡಿ’ ಅಂತ ನಾವು ಹೇಳುವುದು ತಮಾಷೆಗಲ್ಲ.

ಮೃಗಶಿರದ ಬಾಣದ ಕೆಳಗೆ ಇರುವ ನೀಹಾರಿಕೆಯನ್ನು ಆ ರಾತ್ರಿ ನಾನು ಇಪ್ಪತ್ತು ನಿಮಿಷ ಬಿಡದೆ ನೋಡಿದೆ, ಸಾಲಲ್ಲಿ ಹಿಂದೆ ನಿಂತವರು ಗೊಣಗುತ್ತಿದ್ದರು. ಮೊದಲ ನಿಮಿಷ ಬರೀ ಹೊಗೆ. ಐದನೇ ನಿಮಿಷಕ್ಕೆ ಹೊಗೆಯ ನಡುವೆ ನಾಲ್ಕು ಪುಟ್ಟ ನಕ್ಷತ್ರ ಬಿಡಿಬಿಡಿಯಾದವು. ಆಮೇಲೆ ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಎರಡು ಅಂಚು, ನಡುವೆ ಒಂದು ಕಪ್ಪು ಕೊರಕಲು. ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ, ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ. ನಿನಗೆ ಆ ಶಿಬಿರದಲ್ಲಿ ಸಿಕ್ಕಿದ್ದು ಬಹುಶಃ ಹತ್ತು ಸೆಕೆಂಡು, ‘ಆಯ್ತಾ, ಆಯ್ತಾ, ಮುಂದೆ ಹೋಗಿ’ ಅನ್ನುವ ಧ್ವನಿಯ ಜೊತೆ. ಹತ್ತು ಸೆಕೆಂಡಿಗೆ ಬೂದಿಯೇ ಗತಿ.

ಗುಂಪಲ್ಲಿ ಹೆಂಗಸರು ಇರುತ್ತಾರಾ? ನಾನು ಒಬ್ಬಳೇ ಬರಬಹುದಾ? ಮನೆಯಲ್ಲಿ ಕೇಳಿದರೆ ಏನು ಹೇಳಲಿ?
*ನರ್ಸ್, ಮಂಡ್ಯ*

ಆವತ್ತು 14ರಲ್ಲಿ ಐದು ಜನ ಹೆಂಗಸರು. ಆದರೂ ಯಾವ ಗುಂಪಿಗೇ ಆಗಲಿ, ಮೊದಲ ಸಲ ಒಬ್ಬರೇ ರಾತ್ರಿ ಹೋಗಬೇಡಿ ಅಂತಲೇ ನಾನು ಹೇಳುವುದು, ಗಂಡಸರಿಗೂ. ಮೊದಲು ಹಗಲಲ್ಲಿ ಒಂದು ಸಲ ಆ ಗುಂಪಿನವರನ್ನು ಭೇಟಿ ಮಾಡಿ. ಜಾಗ ಯಾರದು, ಶೌಚಾಲಯ ಇದೆಯಾ, ವಾಪಸ್ ಬರುವುದು ಹೇಗೆ, ಇವನ್ನು ನಾಚಿಕೆ ಬಿಟ್ಟು ಕೇಳಿ. ಸರಿಯಾಗಿ ಉತ್ತರ ಕೊಡದ ಗುಂಪು ನಿಮಗೆ ಬೇಡ. ಜೊತೆಗೆ ಅಮ್ಮನನ್ನೋ ಗೆಳತಿಯನ್ನೋ ಕರೆತನ್ನಿ. ನಮ್ಮಲ್ಲಿ ಒಬ್ಬರ ಅಮ್ಮ ಕಾವಲಿಗೆ ಅಂತ ಬಂದವರು ಈಗ ಮಗಳು ಬರದಿದ್ದರೂ ಬರುತ್ತಾರೆ.

ರಾತ್ರಿ ಒಂದು ಗಂಟೆಗೆ ಮೋಟರ್ ಹಾಕೋಕೆ ಬಂದ ರೈತರು ಟೆಲಿಸ್ಕೋಪ್ ನೋಡಿದರು ಅಂತ ಬರೆದು ಅಲ್ಲಿಗೇ ನಿಲ್ಲಿಸಿದ್ದೀರಿ. ಏನಂದರು?
*ಕೃಷಿಕ, ಶಿರಾ*

ನಿಮಗೆ ಗೊತ್ತಿರುವ ಹಾಗೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವುದೇ ಅವೇಳೆಯಲ್ಲಿ. ಪಕ್ಕದ ತೋಟದವರು ಬ್ಯಾಟರಿ ಬಿಟ್ಟುಕೊಂಡು ಬಂದರು. (ಅವರಿಗೆ ಯಾರೂ ಬೈಯಲಿಲ್ಲ, ಅವರ ಜಾಗದ ಪಕ್ಕ ಕೂತವರು ನಾವು.) ‘ಯಾರ್ರೀ ನೀವು, ನಿಧಿ ತೆಗೀತಿದ್ದೀರಾ?’ ಅಂದರು. ಅಮಾವಾಸ್ಯೆ ಹತ್ತಿರ, ಸರಿರಾತ್ರಿ, ಹತ್ತಾರು ಜನ, ಕೆಂಪು ದೀಪ. ಅನುಮಾನ ಬಂದದ್ದರಲ್ಲಿ ತಪ್ಪೇನಿಲ್ಲ.

ಮಿಥುನ ರಾಶಿಯಲ್ಲಿದ್ದ ಗುರು ಗ್ರಹ ತೋರಿಸಿದೆವು, ನಾಲ್ಕು ಚಂದ್ರರ ಸಮೇತ. ಚೆನ್ನಾಗಿದೆ ಅಂದರು, ಅಷ್ಟೇ. ಆದರೆ ಪಶ್ಚಿಮಕ್ಕೆ ವಾಲುತ್ತಿದ್ದ ಒಂದು ಕೆಂಪು ನಕ್ಷತ್ರ ತೋರಿಸಿ ಇದು ಆರಿದ್ರ ಅಂದಾಗ ನಿಂತರು. ‘ಆರಿದ್ರ ಮಳೆ ಅಂತೀವಲ್ಲ, ಅದಾ?’ ಅದೇ. ಹುಟ್ಟಿದಾಗಿನಿಂದ ರೋಹಿಣಿ, ಮೃಗಶಿರ, ಆರಿದ್ರ ಅಂತ ಮಳೆ ಲೆಕ್ಕ ಹಾಕಿ ಬಿತ್ತನೆ ಮಾಡಿದವರು, ಆ ಹೆಸರಿನ ಚುಕ್ಕಿ ಯಾವುದು ಅಂತ ಯಾರೂ ತೋರಿಸಿರಲಿಲ್ಲ. ‘ಮಳೆಗಾಲದಲ್ಲಿ ಕಂಡೇ ಇಲ್ಲವಲ್ಲ’ ಅಂದರು.

ಕಾಣುವುದಕ್ಕೆ ಸಾಧ್ಯವೂ ಇಲ್ಲ. ಆರಿದ್ರ ಮಳೆ ಅಂದರೆ ಸೂರ್ಯ ಆರಿದ್ರ ನಕ್ಷತ್ರದ ಜಾಗದಲ್ಲಿ ಇರುವ ದಿನಗಳು, ಜೂನ್ ಕೊನೆಯ ವಾರದಿಂದ ಸುಮಾರು ಎರಡು ವಾರ. ಆಗ ಆ ನಕ್ಷತ್ರ ಹಗಲು ಹೊತ್ತು ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಮಳೆ ನಕ್ಷತ್ರಗಳಿಗೆಲ್ಲ ಇದೇ ಕಥೆ. ಮಳೆ ಬಂದಾಗ ಚುಕ್ಕಿ ಇಲ್ಲ, ಚುಕ್ಕಿ ಕಂಡಾಗ ಮಳೆ ಇಲ್ಲ. ಅವರು ಉಳಿದವನ್ನೂ ಕೇಳಿದರು. ಮಖೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಒಂದೊಂದಾಗಿ ಪೂರ್ವದ ಕಡೆಗೆ ಬೆರಳು ಸರಿಸುತ್ತಾ ಹೋದೆವು. ಮೋಟರ್ ಹಾಕುವುದು ಮುಕ್ಕಾಲು ಗಂಟೆ ತಡವಾಯಿತು.

ಇದರಿಂದ ಯಾರಿಗೆ ಏನು ಉಪಯೋಗ? ವಿಜ್ಞಾನಿಗಳು ನೋಡುತ್ತಿಲ್ಲವೇ?
*ಹೆಸರು ಬೇಡ, ಹುಬ್ಬಳ್ಳಿ*

ಉಪಯೋಗಕ್ಕೆ ಅಂತ ನಾನು ಹೋಗುವುದಿಲ್ಲ. ಆದರೂ ಕೇಳಿದ್ದೀರಿ. ರಾಧಾಗೋಬಿಂದ ಚಂದ್ರ ಅಂತ ಬಂಗಾಳದವರು ಒಬ್ಬರಿದ್ದರು. ಎಂಟ್ರೆನ್ಸ್ ಪರೀಕ್ಷೆಯಲ್ಲಿ, ಅಂದರೆ ಆ ಕಾಲದ ಮೆಟ್ರಿಕ್‌ನಲ್ಲಿ, ಮೂರು ಸಲ ಫೇಲು. ಜೆಸ್ಸೋರಿನ ಸರ್ಕಾರಿ ಖಜಾನೆಯಲ್ಲಿ ನಾಣ್ಯ ನೋಡುವ ಕೆಲಸ. ರಾತ್ರಿ ಮಾತ್ರ ಬೆಳಕು ಹೆಚ್ಚುಕಮ್ಮಿ ಆಗುವ ನಕ್ಷತ್ರಗಳನ್ನು ನೋಡಿ ಬರೆದಿಡುತ್ತಿದ್ದರು. ಹೀಗೆ ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘಕ್ಕೆ ಅವರು ಕಳಿಸಿದ ಲೆಕ್ಕಗಳು 37,000ಕ್ಕೂ ಜಾಸ್ತಿ. ಕೆಲಸ ನೋಡಿ ಆ ಸಂಘದವರು ಅಲ್ಲಿಂದ ಹಡಗಿನಲ್ಲಿ ಟೆಲಿಸ್ಕೋಪನ್ನೇ ಕಳಿಸಿಕೊಟ್ಟರು. ನಕ್ಷತ್ರಗಳು ಲೆಕ್ಕವಿಲ್ಲದಷ್ಟು, ವಿಜ್ಞಾನಿಗಳು ಕೆಲವೇ ಜನ. ನೋಡುವವರು ಬೇಕು.

ನಾನಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟು, ಒಂಬತ್ತನೇ ಮಹಡಿ. ಆಕಾಶದಲ್ಲಿ ಎಣಿಸಿದರೆ ಇಪ್ಪತ್ತು ನಕ್ಷತ್ರ. ನಮ್ಮಂಥವರು ಏನು ಮಾಡುವುದು?
*ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು*

ನಿಮ್ಮೂರಿನ ಬೆಳಕು ನಮ್ಮನ್ನೂ ಬಿಟ್ಟಿಲ್ಲ. ನೂರು ಕಿಲೋಮೀಟರ್ ದೂರ ಬಂದರೂ ಮಧುಗಿರಿಯಿಂದ ಆಗ್ನೇಯಕ್ಕೆ ನೋಡಿದರೆ ದಿಗಂತದಲ್ಲಿ ಕಿತ್ತಳೆ ಬಣ್ಣದ ಗುಡಾರ ಹಾಕಿದ ಹಾಗೆ ಬೆಂಗಳೂರು ಕಾಣುತ್ತದೆ. ಅದರ ಮೇಲೇ ವೃಶ್ಚಿಕ ಎದ್ದು ಬರಬೇಕು ಪಾಪ. ನಿಜವಾದ ಕತ್ತಲೆ ಬೇಕೆಂದರೆ ಲಡಾಖಿನ ಹಾನ್ಲೆ. ಅಲ್ಲಿ 4,500 ಮೀಟರ್ ಎತ್ತರದಲ್ಲಿ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇದೆ, ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲೆ ಆಕಾಶದ ರಕ್ಷಿತ ಪ್ರದೇಶ ಅಂತ ಗುರುತಿಸಿದರು. ಮಜಾ ಏನೆಂದರೆ ಅಲ್ಲಿನ 2 ಮೀಟರ್ ಟೆಲಿಸ್ಕೋಪನ್ನು ವಿಜ್ಞಾನಿಗಳು ನಡೆಸುವುದು ನಿಮ್ಮ ಪಕ್ಕದ ಹೊಸಕೋಟೆಯಲ್ಲಿ ಕೂತು, ಉಪಗ್ರಹ ಸಂಪರ್ಕದ ಮೂಲಕ.

ನಿಮ್ಮ ಮಹಡಿಯಿಂದಲೂ ಚಂದ್ರ, ಗುರು, ಶನಿಯ ಬಳೆ, ಜೋಡಿ ನಕ್ಷತ್ರಗಳು ಚೆನ್ನಾಗಿಯೇ ಕಾಣುತ್ತವೆ, ಅವಕ್ಕೆ ಊರಿನ ಬೆಳಕು ಅಷ್ಟು ತೊಂದರೆ ಕೊಡುವುದಿಲ್ಲ. ತಾರಸಿಯ ಬೀಗದ ಕೈ ಅಸೋಸಿಯೇಷನ್‌ನವರ ಹತ್ತಿರ ಇರುತ್ತದೆ, ಅದನ್ನು ಪಡೆಯುವುದೇ ಕಷ್ಟದ ಕೆಲಸ. ಅಧ್ಯಕ್ಷರ ಮಕ್ಕಳಿಗೆ ಮೊದಲು ಶನಿ ತೋರಿಸಿ, ಆಮೇಲೆ ಕೇಳಿ. ನಮ್ಮ ಗುಂಪಿನ ಒಬ್ಬರಿಗೆ ಹೀಗೇ ಸಿಕ್ಕಿತು.

ಮುಂದಿನ ಅಮಾವಾಸ್ಯೆ ಆಸುಪಾಸಿನ ಶನಿವಾರ ನಾವು ಮತ್ತೆ ಅದೇ ತೋಟಕ್ಕೆ. ಬರುವವರು ಸ್ವಂತ ಕಂಬಳಿ ತನ್ನಿ, ಗೇಟಿನ ಹತ್ತಿರವೇ ಹೆಡ್‌ಲೈಟ್ ಆರಿಸಿ. ಮೋಡ ಕವಿದರೆ ಏನು ಮಾಡುತ್ತೀರಿ ಅಂತ ಧಾರವಾಡದಿಂದ ಒಬ್ಬರು ಕೇಳಿದ್ದಾರೆ. ಮಂಡಕ್ಕಿ ತಿನ್ನುತ್ತೇವೆ ಸಾರ್. ಎರಡು ಗಂಟೆಗೆ ಒಬ್ಬರನ್ನು ಎಬ್ಬಿಸಿ, ಬಿಟ್ಟಿದೆಯಾ ನೋಡಿ ಬನ್ನಿ ಅನ್ನುತ್ತೇವೆ.